ಲೋಹ ಎಲ್ಲಿ ಹೋಯಿತು?

ನಾನು ಮೊದಲು ಕೊಂಡ ಎರರ್ ಕಾಯಿನ್, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದದ್ದು ಅಂತ ಮಾರುವ ನಾಣ್ಯ, ಈಗಲೂ ಡ್ರಾಯರಿನಲ್ಲಿದೆ. ಅದರ ಮುಖದ ಮೇಲೆ ಇನ್ನೊಂದು ನಾಣ್ಯದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿ, ಒಳಕ್ಕೆ ಒತ್ತಿಕೊಂಡಿವೆ. ಮಾರಿದವರು 'ಬ್ರಾಕೇಜ್' ಅಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಬ್ರಾಕೇಜ್ ಹೇಗಾಗುತ್ತದೆ ಅಂತ ಓದಿಕೊಂಡದ್ದು ಆಮೇಲೆ. ಒತ್ತಿ ಮುಗಿದ ನಾಣ್ಯ ಕೆಲವೊಮ್ಮೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ (ಇನ್ನೂ ಒತ್ತದ ಲೋಹದ ತುಂಡು) ಬಂದಾಗ ಅದರ ಒಂದು ಮುಖಕ್ಕೆ ಅಚ್ಚು ತಾಗುವುದೇ ಇಲ್ಲ, ಅಂಟಿಕೊಂಡ ನಾಣ್ಯ ತಾಗುತ್ತದೆ. ಅಂದರೆ ಆ ಮುಖದಲ್ಲಿ ಉಲ್ಟಾ ಚಿತ್ರ ಮಾತ್ರ ಇರಬೇಕು. ನನ್ನದರಲ್ಲಿ ಉಲ್ಟಾ ಅಕ್ಷರಗಳ ಕೆಳಗೆ ಮಾಮೂಲಿ ಚಿತ್ರವೂ ಇತ್ತು, ಜಜ್ಜಿಹೋಗಿತ್ತು. ಯಾರೋ ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದಿದ್ದರು, ಅಷ್ಟೇ!

ಅಂದಿನಿಂದ ಯಾವ ವಿಚಿತ್ರ ನಾಣ್ಯ ಕಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಟಂಕಸಾಲೆಯ ಯಂತ್ರ ಇದನ್ನು ಮಾಡಲು ಸಾಧ್ಯವಾ? ಲೋಹ ಸುಮ್ನೆ ಮಾಯವಾಗುವುದಿಲ್ಲ. ಮೊಳೆಯಿಂದ ಗೀರಿದರೆ ಗೆರೆ ಒಳಕ್ಕೆ ಇಳಿಯುತ್ತದೆ, ಎರಡೂ ಬದಿಗೆ ಲೋಹ ಉಬ್ಬುತ್ತದೆ. ಅಚ್ಚೇ ಬಿರುಕು ಬಿಟ್ಟಿದ್ದರೆ ಆ ಬಿರುಕಿಗೆ ಲೋಹ ನುಗ್ಗಿ, ನಾಣ್ಯದ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಉಗುರಲ್ಲಿ ಸವರಿ ನೋಡಬೇಡಿ, ನಾಣ್ಯ ಹಾಳಾಗುತ್ತದೆ. ಹತ್ತು ಪಟ್ಟಿನ ಲೆನ್ಸ್ ಸಾಕು.

ಅಂಚು ಕತ್ತರಿಸಿದಂತಿರುವ ನಾಣ್ಯಗಳಲ್ಲಿ ನಾನು ಕಡಿತ ನೋಡುವ ಮೊದಲು ಅದರ ಸರಿ ಎದುರುಗಡೆಯ ಅಂಚು ನೋಡುತ್ತೇನೆ. ಒತ್ತುವ ಮೊದಲು ಬಿಲ್ಲೆಯನ್ನು ಉರುಳಿಸಿ ಅಂಚು ಎಬ್ಬಿಸುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೆ ಒತ್ತಡ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಅಂಚು ಮಂಕಾಗುತ್ತದೆ. ಇದಕ್ಕೆ ಬ್ಲೇಕ್ಸ್ಲಿ ಎಫೆಕ್ಟ್ ಅನ್ನುತ್ತಾರೆ. ಎಲ್ಲ ಅಸಲಿ ನಾಣ್ಯದಲ್ಲೂ ಇದು ಕಾಣುವುದಿಲ್ಲ. ಆದರೆ ಕಂಡರೆ ನನ್ನ ಅನುಮಾನ ಅರ್ಧ ಇಳಿಯುತ್ತದೆ. ಕಡಿತದ ಬಳಿ ಅಕ್ಷರಗಳು ಎಳೆದಂತೆ ತೆಳುವಾಗುತ್ತಾ ಹೋದರೆ ಇನ್ನೂ ಒಳ್ಳೆಯದು. ಅರ ಹಾಕಿ ಉಜ್ಜಿದ್ದಾದರೆ ಅಕ್ಷರ ಕತ್ತಿಯಲ್ಲಿ ಕೊಯ್ದಂತೆ ತಟ್ಟನೆ ನಿಲ್ಲುತ್ತದೆ.

ಜೋಡಿ ಅಕ್ಷರದ ವಿಷಯಕ್ಕೆ ಬಂದರೆ ಆಸೆ ಜಾಸ್ತಿ. ಅಮೆರಿಕದ 1955ರ ಡಬಲ್ ಡೈ ಸೆಂಟ್ ಹೆಸರು ಕೇಳದ ಸಂಗ್ರಾಹಕ ಕಡಿಮೆ. ಅಲ್ಲಿ ಅಚ್ಚಿನಲ್ಲೇ ಚಿತ್ರ ಎರಡು ಸಲ ಮೂಡಿದೆ. ಆದ್ದರಿಂದ ಎರಡೂ ಪ್ರತಿ ದುಂಡಗೆ ಉಬ್ಬಿವೆ. ನಮಗೆ ಸಿಗುವುದು ಹೆಚ್ಚಾಗಿ ಬೇರೆ: ಒತ್ತುವಾಗ ಸಡಿಲ ಅಚ್ಚು ಜರುಗಿ, ಅಕ್ಷರದ ಬದಿ ಮೆಟ್ಟಿಲಿನಂತೆ ಚಪ್ಪಟೆಯಾಗಿರುತ್ತದೆ. ಅಕ್ಷರ ದಪ್ಪವಾಗುವ ಬದಲು ಸಣ್ಣಗಾಗಿರುತ್ತದೆ. ಅದೂ ಟಂಕಸಾಲೆಯಲ್ಲೇ ಆದದ್ದು, ಆದರೆ ಅದಕ್ಕೆ ಬೆಲೆ ಇಲ್ಲ ಅಂದರೂ ತಪ್ಪಿಲ್ಲ.

ಎರಡೂ ಕಡೆ ತಲೆ ಇರುವ ನಾಣ್ಯ ತಂದುಕೊಟ್ಟರೆ ಅಂಚಿನ ಒಳಗಡೆ ಎರಡು ತುಂಡು ಜೋಡಿಸಿದ ಸಂದು ಹುಡುಕಿ. ಬಹುತೇಕ ಅದು ಜಾದೂಗಾರರ ನಾಣ್ಯ. ಬಣ್ಣ ಬದಲಾಗಿದ್ದರೆ ತಕ್ಕಡಿ, ಆಯಸ್ಕಾಂತ. 1943ರ ಅಮೆರಿಕದ ಸೆಂಟ್ ಉಕ್ಕಿನದು. ಅದಕ್ಕೆ ತಾಮ್ರದ ಲೇಪ ಕೊಟ್ಟು, ಆ ವರ್ಷದ ಅಪರೂಪದ ತಾಮ್ರದ ಸೆಂಟ್ ಅಂತ ಮಾರುವವರಿದ್ದಾರೆ. ಆಯಸ್ಕಾಂತ ಅಂಟಿದರೆ ಮಾತು ಮುಗಿಯಿತು.

ಮೊನ್ನೆ ಇಸವಿಯ ಕೊನೆಯ ಅಂಕಿ ಇಲ್ಲದ ನಾಣ್ಯವೊಂದು ಕೈಗೆ ಬಂತು. ಕೆರೆದು ತೆಗೆದದ್ದಾ, ಅಥವಾ ಅಚ್ಚಿನ ಗುಂಡಿಯಲ್ಲಿ ಗ್ರೀಸ್ ತುಂಬಿ ಅಂಕಿ ಮೂಡದೇ ಹೋದದ್ದಾ? ಒಂಟಿ ದೀಪದ ಕೆಳಗೆ ನಿಧಾನ ಓರೆ ಮಾಡಿದೆ. ಹೊಸ ನಾಣ್ಯದ ಹೊಳಪು ಚಕ್ರದ ಕಡ್ಡಿಯಂತೆ ಸುತ್ತುತ್ತದಲ್ವಾ, ಅದು ಖಾಲಿ ಜಾಗದ ಮೇಲೂ ಎಲ್ಲೂ ಮುರಿಯದೆ ಹಾದುಹೋಯಿತು. ಗೀರುಗಳಿರಲಿಲ್ಲ. ಅಂಕಿಯ ತಲೆ ಮಾತ್ರ ನೆರಳಿನಂತೆ ಉಳಿದಿತ್ತು. ಅದನ್ನು ಡ್ರಾಯರಿಗೆ ಹಾಕಲಿಲ್ಲ, ಆಲ್ಬಮ್ಮಿಗೆ ಸೇರಿಸಿದೆ.