ಮೊದಲು ಚೀಲ, ಆಮೇಲೆ ಕೌದಿ

ನಾನು ಹೊಲಿದ ಮೊದಲ ಚೀಲ ನಾಲ್ಕೇ ದಿನ ಬಾಳಿತು. ಹಳೆ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಅಡಿ ಹೊಲಿದು, ಮೇಲೆ ಎರಡು ಹಿಡಿಕೆ ಇಟ್ಟು ಒಂದೊಂದು ಸಾಲು ಹೊಲಿಗೆ ಓಡಿಸಿದ್ದೆ. ನೋಡೋಕೆ ಚೆನ್ನಾಗಿತ್ತು. ಐದನೇ ದಿನ ನಾಲ್ಕು ದಪ್ಪ ಪುಸ್ತಕ ತುಂಬಿಕೊಂಡು ಮೆಟ್ಟಿಲು ಇಳಿಯುವಾಗ ಒಂದು ಹಿಡಿಕೆ ಕಿತ್ತುಬಂತು. ಪುಸ್ತಕಗಳು ನನಗಿಂತ ಮೊದಲೇ ಕೆಳಗೆ ತಲುಪಿದವು.

ಮನೆಗೆ ಬಂದು ನೋಡಿದರೆ ದಾರ ಹರಿದಿರಲಿಲ್ಲ, ಬಟ್ಟೆ ಹರಿದಿತ್ತು. ಅದೂ ಸೂಜಿ ಚುಚ್ಚಿದ ತೂತುಗಳ ಸಾಲಿನಲ್ಲೇ, ಅಂಚೆಚೀಟಿ ಹರಿಯುತ್ತಲ್ಲ, ಹಾಗೆ. ಗಟ್ಟಿಯಾಗಲಿ ಅಂತ ತೀರಾ ಸಣ್ಣ ಹೊಲಿಗೆ ಹಾಕಿದ್ದೆ, ಅದೇ ಮುಳುವಾಯಿತು. ಈಗ ದಪ್ಪ ಬಟ್ಟೆಗೆ ಹೊಲಿಗೆಯ ಉದ್ದ 3 ಮಿಲಿಮೀಟರ್ ಇಡುತ್ತೇನೆ. ಹಿಡಿಕೆಯ ತುದಿ ಚೀಲದ ಮೇಲೆ ಒಂದೂವರೆ ಇಂಚಾದರೂ ಕೂರಬೇಕು. ಅದರ ಸುತ್ತ ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಿಸುವ ಗುರುತಿನ ಹಾಗೆ ಹೊಲಿಯುತ್ತೇನೆ. ಹಿಂದುಗಡೆ ಅದೇ ಬಟ್ಟೆಯ ಒಂದು ತುಂಡು ಇಡುತ್ತೇನೆ, ಆಗ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಆಮೇಲೆ ಯಾವ ಹಿಡಿಕೆಯೂ ಕಿತ್ತಿಲ್ಲ.

ಹೊಲಿಗೆ ಕಲಿಯಬೇಕು ಅನ್ನುವವರಿಗೆ ಮೊದಲು ಚೀಲ ಹೊಲಿಯಿರಿ ಅಂತಲೇ ಹೇಳುತ್ತೇನೆ. ಬಟ್ಟೆ ಹೊಲಿದರೆ ಅದು ಮೈಗೆ ಕೂರಬೇಕು. ಚೀಲಕ್ಕೆ ಮೈಯಿಲ್ಲ. ಅರ್ಧ ಇಂಚು ಹೆಚ್ಚುಕಡಿಮೆ ಆದರೂ ಚೀಲ ಚೀಲವೇ. ಒಂದು ರಜೆಯ ದಿನದಲ್ಲಿ ಮುಗಿಯುತ್ತದೆ. ಆ ಒಂದು ದಿನದಲ್ಲಿ ನೇರ ಹೊಲಿಗೆ, ಲೈನಿಂಗ್, ಜೇಬು, ಧೈರ್ಯವಿದ್ದರೆ ಝಿಪ್ಪು, ಎಲ್ಲವೂ ಕೈಗೆ ಹತ್ತುತ್ತದೆ.

ಚೀಲದ ಕೆಲಸದಲ್ಲಿ ನನಗೆ ಇವತ್ತಿಗೂ ಖುಷಿ ಕೊಡುವುದು ಎರಡು ಜಾಗ. ಒಂದು, ಅಡಿಯ ಮೂಲೆ. ಬರೀ ಎರಡು ತುಂಡು ಜೋಡಿಸಿದರೆ ಚೀಲ ದಿಂಬಿನ ಕವರಿನ ಹಾಗೆ ಚಪ್ಪಟೆ ಇರುತ್ತದೆ. ಉಲ್ಟಾ ಬದಿಯಲ್ಲಿ ಕೆಳಗಿನ ಮೂಲೆಯನ್ನು ಹಿಡಿದು, ಪಕ್ಕದ ಹೊಲಿಗೆಯೂ ಅಡಿಯ ಹೊಲಿಗೆಯೂ ಒಂದರ ಮೇಲೊಂದು ಬರುವಂತೆ ಒತ್ತಿದರೆ ಒಂದು ತ್ರಿಕೋನ ಆಗುತ್ತದೆ. ಅದರ ತುದಿಯಿಂದ 2 ಇಂಚು ಒಳಗೆ ಅಡ್ಡಗೆರೆ ಎಳೆದು ಹೊಲಿದರೆ ಚೀಲಕ್ಕೆ 4 ಇಂಚು ಅಗಲದ ತಳ ಸಿಗುತ್ತದೆ. ಅಲ್ಲಿಯವರೆಗೆ ಬಿದ್ದುಕೊಂಡಿದ್ದ ಚೀಲ ಎದ್ದು ಕೂರುತ್ತದೆ.

ಇನ್ನೊಂದು, ತಿರುಗಿಸುವ ಹೊತ್ತು. ಹೊರ ಚೀಲ, ಲೈನಿಂಗ್ ಚೀಲ ಎರಡನ್ನೂ ಒಳ್ಳೆ ಬದಿಗಳು ಮುಖಾಮುಖಿಯಾಗಿರುವಂತೆ ಒಂದರೊಳಗೊಂದು ಇಟ್ಟು ಬಾಯಿಯ ಸುತ್ತ ಹೊಲಿಯಬೇಕು. ಲೈನಿಂಗಿನ ಅಡಿಯಲ್ಲಿ 5 ಇಂಚು ಹೊಲಿಯದೆ ಬಿಟ್ಟಿರುತ್ತೇವೆ. ಆ ಕಂಡಿಯಿಂದ ಇಡೀ ಚೀಲವನ್ನು ಹೊರಗೆ ಎಳೆಯಬೇಕು. ಮೊದಲ ಸಲ ಕಂಡಿ ಬಿಡೋದನ್ನೇ ಮರೆತಿದ್ದೆ. ಸುತ್ತಲೂ ಮುಚ್ಚಿದ ಒಂದು ಬಟ್ಟೆಯ ಗಂಟನ್ನು ಹಿಡಿದುಕೊಂಡು, ಇದರೊಳಗೆ ಚೀಲ ಎಲ್ಲಿದೆ ಅಂತ ಎಷ್ಟೋ ಹೊತ್ತು ಯೋಚಿಸಿದೆ. ಇನ್ನೊಂದು ಮಾತು, ಲೈನಿಂಗನ್ನು ಹೊರ ಬಟ್ಟೆಯಷ್ಟೇ ಕತ್ತರಿಸಿ, ಆದರೆ ಹೊಲಿಯುವಾಗ ಒಂದೆರಡು ಎಳೆ ಜಾಸ್ತಿ ಒಳಗೆ ಹೊಲಿಯಿರಿ. ಇಲ್ಲದಿದ್ದರೆ ಒಳಗೆ ಜೋಲು ಬಿದ್ದು, ಕೀಲಿಕೈ ಹುಡುಕುವಾಗ ಕೈಗೆ ಬರೀ ಬಟ್ಟೆ ಸಿಗುತ್ತದೆ.

ಜೀನ್ಸಿನ ವಿಷಯ ಒಂಚೂರು ಹೇಳಲೇಬೇಕು, ಯಾಕಂದ್ರೆ ಎಲ್ಲರ ಮನೆಯಲ್ಲೂ ಹಳೆಯದು ಇದ್ದೇ ಇರುತ್ತದೆ. ಸಾಮಾನ್ಯ ಸೂಜಿಯಲ್ಲಿ ಹೊಲಿದರೆ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತದೆ, ಇಲ್ಲವೇ ಸೂಜಿ ಮುರಿಯುತ್ತದೆ. ನಾನು ಮೆಷಿನ್ನೇ ಕೆಟ್ಟಿದೆ ಅಂದುಕೊಂಡು ದಾರದ ಬಿಗಿ ಹೊಂದಿಸುವ ಟೆನ್ಶನ್ ತಿರುಗಿಸಿ ತಿರುಗಿಸಿ ಇನ್ನಷ್ಟು ಕೆಡಿಸಿದ್ದೆ. 100/16 ನಂಬರಿನ ಜೀನ್ಸ್ ಸೂಜಿ ಹಾಕಿದ ಮೇಲೆ ಮೆಷಿನ್ ಸುಮ್ನೆ ಹೊಲಿಯತೊಡಗಿತು. ದಪ್ಪ ಹೊಲಿಗೆಯ ಮೇಲೆ ಹತ್ತುವಾಗ, ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಪಾದದ ಮೂತಿ ಮೇಲಕ್ಕೆದ್ದು ಅಲ್ಲೇ ನಿಂತುಬಿಡುತ್ತದೆ. ಆಗ ಪಾದದ ಹಿಂಬದಿಗೆ ಅಷ್ಟೇ ದಪ್ಪಕ್ಕೆ ಮಡಿಸಿದ ಬಟ್ಟೆಯ ಚೂರು ಕೊಟ್ಟರೆ ಪಾದ ಸಮನಾಗಿ ಕೂತು ಮುಂದೆ ಸಾಗುತ್ತದೆ.

ಹತ್ತು ಹನ್ನೆರಡು ಚೀಲ ಆದ ಮೇಲೆ ಚೂರು ಬಟ್ಟೆಗಳ ಗುಡ್ಡೆ ಬಿತ್ತು. ಅದನ್ನು ಎಸೆಯಲಾರದೆ ಕೌದಿ ಶುರುಮಾಡಿದೆ. ನೇರ ಹೊಲಿಗೆ ಬರುತ್ತೆ, ಚೌಕ ಕತ್ತರಿಸಿ ಜೋಡಿಸೋದು ತಾನೇ, ಅದರಲ್ಲೇನಿದೆ? ಹಾಗಂದುಕೊಂಡಿದ್ದೆ.

ಎಣಿಕೆ ಸುಲಭದ್ದೇ. ನಾಲ್ಕೂವರೆ ಇಂಚಿನ ಚೌಕಗಳು, ಸಾಲಿಗೆ 9, ಅಂಥ 9 ಸಾಲು. ಕೌದಿಯಲ್ಲಿ ಪ್ರತಿ ಅಂಚಿಗೂ ಹೊಲಿಗೆಗೆ ಬಿಡುವುದು ಕಾಲು ಇಂಚು. ಹಾಗಾಗಿ ಪ್ರತಿ ಚೌಕ ಮುಗಿದಾಗ 4 ಇಂಚು, ಸಾಲು 36 ಇಂಚು, ಎರಡು ತುದಿಯ ಅಂಚೂ ಸೇರಿ ಮೂವತ್ತಾರೂವರೆ. ಮೊದಲ ನಾಲ್ಕು ಸಾಲು ಗೆರೆ ಎಳೆದುಕೊಂಡು ಹೊಲಿದೆ. ಆಮೇಲೆ ಬೇಸರವಾಯಿತು. ಪಾದದ ಅಂಚನ್ನೇ ಗುರುತಾಗಿಟ್ಟುಕೊಂಡು ಉಳಿದ ಐದು ಸಾಲು ಒಂದೇ ಸಂಜೆಗೆ ಹೊಲಿದುಬಿಟ್ಟೆ. ಸಾಲುಗಳನ್ನು ಜೋಡಿಸೋಕೆ ಕೂತಾಗ ಹೊಸ ಸಾಲುಗಳೆಲ್ಲ ಒಂದು ಇಂಚು ಗಿಡ್ಡ!

ಬಟ್ಟೆ ಕುಗ್ಗಿತಾ ಅಂತ ಅನುಮಾನಪಟ್ಟೆ. ಕುಗ್ಗಿರಲಿಲ್ಲ. ನನ್ನ ಮೆಷಿನ್ನಿನ ಪಾದದ ಅಂಚು ಸೂಜಿಯಿಂದ ಸರಿಯಾಗಿ ಕಾಲಿಂಚು ದೂರದಲ್ಲಿಲ್ಲ, ಇಂಚಿನ ಹದಿನಾರನೇ ಒಂದು ಪಾಲಿನಷ್ಟು ಜಾಸ್ತಿ ದೂರ. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಒಂದು ಹೊಲಿಗೆ ಎರಡು ಕಡೆಯ ಬಟ್ಟೆಯನ್ನೂ ತಿನ್ನುತ್ತದೆ, ಅಲ್ವಾ? ಅಂದರೆ ಹೊಲಿಗೆಗೆ ಎಂಟನೇ ಒಂದು ಪಾಲು. ಸಾಲಿನಲ್ಲಿ ಎಂಟು ಹೊಲಿಗೆ. ಅಲ್ಲಿಗೆ ಇಂಚು ಪೂರ್ತಿ ಹೋಯಿತು. ಬಿಚ್ಚಿ ಹೊಲಿಯಬೇಕಿತ್ತು. ನಾನು ಬಿಚ್ಚಲಿಲ್ಲ. ಗಿಡ್ಡ ಸಾಲನ್ನು ಎಳೆದು, ಉದ್ದ ಸಾಲನ್ನು ಒಳಗೆ ತುರುಕಿ, ಹೇಗೋ ಜೋಡಿಸಿದೆ. ನೆಲದ ಮೇಲೆ ಹಾಸಿದಾಗ ನಡುವೆ ಉಬ್ಬು, ಒಂದು ಪಕ್ಕ ಸೊಟ್ಟ.

ಈಗ ಹೊಸ ಕೌದಿ ಶುರುಮಾಡುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ, ಇಸ್ತ್ರಿ ಮಾಡಿ ಅಳೆದರೆ ಒಟ್ಟು ಮೂರೂವರೆ ಇಂಚು ಬರಬೇಕು, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಬರದಿದ್ದರೆ ಸೂಜಿಯಿಂದ ಕಾಲಿಂಚು ಅಳೆದು ಮೆಷಿನ್ನಿನ ಮೇಲೆ ನಾಲ್ಕೈದು ಪದರ ಟೇಪು ಅಂಟಿಸುತ್ತೇನೆ, ಬಟ್ಟೆ ಆ ದಿಂಡಿಗೆ ಒರಗಿಕೊಂಡು ಹೋಗುತ್ತದೆ. ನಿಜ ಹೇಳಬೇಕಂದ್ರೆ ಕಾಲಿಂಚಿಗಿಂತ ಒಂದೆಳೆ ಕಮ್ಮಿಯೇ ಇರಬೇಕು. ಹೊಲಿಗೆಯನ್ನು ಒಂದು ಪಕ್ಕಕ್ಕೆ ಮಡಿಸಿದಾಗ ಆ ಮಡಿಕೆಯೇ ಒಂದೆಳೆ ಬಟ್ಟೆ ತಿಂದಿರುತ್ತದೆ.

ಇಸ್ತ್ರಿಯನ್ನೂ ನಾನು ತಪ್ಪಾಗಿಯೇ ಮಾಡುತ್ತಿದ್ದೆ. ಶರ್ಟಿಗೆ ಉಜ್ಜಿದ ಹಾಗೆ ಕೌದಿಯ ತುಂಡಿಗೆ ಉಜ್ಜಬಾರದು. ಚೌಕ ಎಳೆದುಕೊಂಡು ಹೋಗಿ ಸೊಟ್ಟಗಾಗುತ್ತದೆ, ಅದರಲ್ಲೂ ಕ್ರಾಸ್, ಅಂದರೆ ಎಳೆಗೆ ಓರೆಯಾಗಿ, ಕತ್ತರಿಸಿದ ಅಂಚಿದ್ದರೆ ಕೇಳಲೇಬೇಡಿ. ಇಸ್ತ್ರಿಪೆಟ್ಟಿಗೆಯನ್ನು ಇಡಬೇಕು, ಎತ್ತಬೇಕು, ಮುಂದೆ ಇಡಬೇಕು, ಅಷ್ಟೇ. ಒಂದು ಸಾಲಿನ ಮಡಿಕೆಗಳನ್ನೆಲ್ಲ ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಒತ್ತಿದರೆ, ಎರಡು ಸಾಲು ಎದುರುಬದುರು ಇಟ್ಟಾಗ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಜರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಇನ್ನು ಜರುಗಲ್ಲ ಅಂತ ನಿಲ್ಲುತ್ತದೆ. ಅಲ್ಲೇ ಪಿನ್ನು ಚುಚ್ಚಿ. ಬಿಡಿಸಿ ನೋಡಿದರೆ ನಾಲ್ಕು ಮೂಲೆ ಒಂದೇ ಚುಕ್ಕೆಯಲ್ಲಿ ಸೇರಿರುತ್ತವೆ. ಮೊದಲ ಸಲ ಹಾಗೆ ಸೇರಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ, ಯಾರಿಗೂ ಅದರಲ್ಲೇನು ವಿಶೇಷ ಅಂತ ಗೊತ್ತಾಗಲಿಲ್ಲ.

ಕತ್ತರಿಸೋಕೆ ಈಗ ರೋಟರಿ ಕಟರ್ ಇದೆ. ಪಿಜ್ಜಾ ಕತ್ತರಿಸುವ ಚಕ್ರದ ಹಾಗಿರುತ್ತದೆ, ಅದರಡಿಗೆ ಒಂದು ಮ್ಯಾಟು, ಮೇಲೆ ದಪ್ಪ ಪ್ಲಾಸ್ಟಿಕ್ ಸ್ಕೇಲು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ತಂದ ಮೇಲೆ ಕೌದಿ ಹೊಲಿಯುವವರ ಕೆಲಸದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು ಒಂದೊಂದೇ ತುಂಡು ಕತ್ತರಿಯಲ್ಲಿ ಕತ್ತರಿಸಬೇಕಿತ್ತು. ಈಗ ನಾಲ್ಕು ಪದರ ಒಟ್ಟಿಗೆ ಹೋಗುತ್ತದೆ. ಬೆರಳೂ ಅಷ್ಟೇ ಸುಲಭವಾಗಿ ಹೋಗುತ್ತದೆ, ಆದ್ದರಿಂದ ಪ್ರತಿ ಸಲ ಕೆಳಗಿಡುವಾಗ ಬ್ಲೇಡು ಮುಚ್ಚಿ. ಮ್ಯಾಟಿನ ಮೇಲೆ ಬಿಸಿ ಲೋಟ ಇಡಬೇಡಿ. ನಾನಿಟ್ಟೆ. ಅಲ್ಲಿ ಒಂದು ದುಂಡನೆ ಗುಳಿ ಬಿದ್ದಿದೆ, ಕಟರ್ ಆ ಜಾಗ ದಾಟುವಾಗೆಲ್ಲ ಎರಡು ಎಳೆ ಕತ್ತರಿಸದೆ ಬಿಡುತ್ತದೆ.

ಬಣ್ಣ ಜೋಡಿಸುವುದು ನನಗೆ ಬರುವುದಿಲ್ಲ ಅಂತಿದ್ದೆ. ಬರೀ ಬಣ್ಣ ನೋಡಿದರೆ ಯಾರಿಗೂ ಬರುವುದಿಲ್ಲ. ತಿಳಿ ಯಾವುದು, ಗಾಢ ಯಾವುದು ಅಂತ ನೋಡಬೇಕು. ಚೌಕಗಳನ್ನು ನೆಲದ ಮೇಲೆ ಹರಡಿ ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿದರೆ ತಟ್ಟನೆ ಗೊತ್ತಾಗುತ್ತದೆ. ಕೆಂಪು, ಹಸಿರು ಎಷ್ಟು ಬೇರೆ ಬೇರೆ ಅನ್ನಿಸಿದರೂ ಫೋಟೋದಲ್ಲಿ ಎರಡೂ ಒಂದೇ ಬೂದು ಬಂದರೆ ವಿನ್ಯಾಸ ಕರಗಿಹೋಗುತ್ತದೆ. ಕೆಂಪು ಬಟ್ಟೆಯನ್ನಂತೂ ಮೊದಲೇ ಬೇರೆಯಾಗಿ ಒಗೆಯಿರಿ. ನನ್ನ ಎರಡನೇ ಕೌದಿಯ ಬಿಳಿ ಚೌಕಗಳು ಮೊದಲ ಒಗೆತದ ನಂತರ ತಿಳಿಗುಲಾಬಿ. ಬೇಕಂತಲೇ ಮಾಡಿದ್ದು ಅಂತ ಹೇಳಿಕೊಂಡು ಓಡಾಡುತ್ತಿದ್ದೇನೆ.

ಮೂರು ಪದರ ಸೇರಿಸುವುದು ನನಗೆ ಅತಿ ಬೇಜಾರಿನ ಕೆಲಸ. ಅಡಿಯ ಬಟ್ಟೆಯನ್ನು ಸುತ್ತಲೂ 3 ಇಂಚು ದೊಡ್ಡದಾಗಿ ಕತ್ತರಿಸಿ, ಉಲ್ಟಾ ಬದಿ ಮೇಲೆ ಬರುವಂತೆ ನೆಲಕ್ಕೆ ಟೇಪು ಹಾಕಿ ಬಿಗಿಯಬೇಕು. ಅದರ ಮೇಲೆ ಹತ್ತಿಯ ಪದರ, ಅದರ ಮೇಲೆ ನಮ್ಮ ಜೋಡಣೆ. ಅಂಗೈ ಇಟ್ಟರೆ ಎಲ್ಲಿ ಇಟ್ಟರೂ ಒಂದು ಪಿನ್ನು ತಾಗಬೇಕು, ಅಷ್ಟು ಒತ್ತಾಗಿ ಸೇಫ್ಟಿಪಿನ್ನು ಚುಚ್ಚಬೇಕು. ಮಂಡಿ ನೋಯುತ್ತದೆ. ಇಲ್ಲಿ ಸೋಮಾರಿತನ ಮಾಡಿದರೆ ಹಿಂಬದಿಯಲ್ಲಿ ಮಡಿಕೆ ಬೀಳುತ್ತದೆ, ಅದು ಕಾಣುವುದು ಎಲ್ಲ ಹೊಲಿದು ತಿರುಗಿಸಿದ ಮೇಲೆಯೇ. ಹೊಲಿಯುವುದನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹೋಗಬೇಕು. ಅಂಚಿನಿಂದ ಬಂದರೆ ಸಡಿಲ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ.

ಆದರೆ ಅದಾದ ಮೇಲೆ ಕೈಹೊಲಿಗೆ ಇದೆ, ಅದಕ್ಕಾಗಿಯೇ ನಾನು ಕೌದಿ ಬಿಟ್ಟಿಲ್ಲ. ದಾರದ ತುದಿಗೆ ಚಿಕ್ಕ ಗಂಟು ಹಾಕಿ, ಸೂಜಿಯನ್ನು ಶುರುಮಾಡುವ ಜಾಗದಿಂದ ಒಂದಿಂಚು ಆಚೆ ಮೇಲ್ಪದರದಲ್ಲಿ ಮಾತ್ರ ಚುಚ್ಚಿ, ಶುರುವಿನಲ್ಲಿ ಹೊರಗೆ ತೆಗೆದು, ದಾರವನ್ನು ಮೆಲ್ಲಗೆ ಎಳೆಯಬೇಕು. ಗಂಟು ಬಟ್ಟೆಗೆ ತಾಗಿ ನಿಲ್ಲುತ್ತದೆ. ಇನ್ನೊಂಚೂರು ಎಳೆದರೆ 'ಟಪ್' ಅಂತ ಸಣ್ಣ ಸದ್ದು ಮಾಡಿ ಒಳಗೆ ಹೋಗಿ ಹತ್ತಿಯಲ್ಲಿ ಕೂತುಬಿಡುತ್ತದೆ. ಮೇಲೂ ಕಾಣದು, ಕೆಳಗೂ ಕಾಣದು. ಜೋರಾಗಿ ಎಳೆದರೆ ಇನ್ನೊಂದು ಕಡೆಯಿಂದ ಹೊರಗೇ ಬರುತ್ತದೆ. ಆ ಹದ ಬೆರಳಿಗೆ ಬರೋಕೆ ನನಗೆ ಒಂದು ಪೂರ್ತಿ ಕೌದಿ ಬೇಕಾಯಿತು. ಪಳಗಿದವರು ಇಂಚಿಗೆ ಎಂಟು, ಹತ್ತು ಹೊಲಿಗೆ ಹಾಕುತ್ತಾರೆ. ನನ್ನದು ಐದು. ಸಣ್ಣದಾಗಿರುವುದಕ್ಕಿಂತ ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಚೆಂದ ಕಾಣುತ್ತದೆ ಅನ್ನೋದು ನನ್ನ ಸಮಾಧಾನ.

ಆ ಮೊದಲ ಸೊಟ್ಟ ಕೌದಿ ಬಹಳ ಕಾಲ ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಕಳೆದ ತಿಂಗಳು ಹೊರಗೆ ತೆಗೆದೆ. ಉಬ್ಬಿದ ನಡುಭಾಗ ಬಿಟ್ಟು, ಒಳ್ಳೆಯ ಕಡೆ ಸ್ಕೇಲಿಟ್ಟು ಎರಡು ದೊಡ್ಡ ತುಂಡು ಕತ್ತರಿಸಿದೆ. ಅಂಚಿನ ಹೊಲಿಗೆ ಬಿಚ್ಚಿಕೊಳ್ಳದಿರಲಿ ಅಂತ ಸುತ್ತಲೂ ಜಿಗ್‌ಜಾಗ್ ಓಡಿಸಿದೆ. ಒಳಗೆ ಹತ್ತಿ ಇರೋದರಿಂದ ಚೀಲ ಗಟ್ಟಿಯಾಗಿ ನಿಲ್ಲೋಕೆ ಒಳಗಿಡುವ ಬಕ್ರಂ ಬಟ್ಟೆ ಕೂಡ ಬೇಕಾಗಲಿಲ್ಲ. ಅಡಿಗೆ 4 ಇಂಚಿನ ತಳ, ಹಿಡಿಕೆಗೆ ಚೌಕ ಹೊಲಿಗೆ, ಲೈನಿಂಗಿಗೆ ನೆನಪಿಟ್ಟುಕೊಂಡು ಕಂಡಿ. ಈಗ ಅದರಲ್ಲಿ ನಾಲ್ಕು ದಪ್ಪ ಪುಸ್ತಕ ಆರಾಮಾಗಿ ಹಿಡಿಯುತ್ತದೆ. ಉಳಿದ ಉಬ್ಬು ತುಂಡು ಹೊಲಿಗೆ ಮೆಷಿನ್ನಿನ ಅಡಿಯಲ್ಲಿದೆ, ಸದ್ದು ಕಮ್ಮಿಯಾಗಲಿ ಅಂತ.