ಮಂಗಳೂರು, ಉಡುಪಿಯಿಂದ ಇಂಗ್ಲೆಂಡಿಗೆ ಹೊರಟವರೇ, ಬ್ಯಾಗ್ ಒಮ್ಮೆ ನೋಡಿಕೊಳ್ಳಿ

ಪೆಪ್ಪರ್ ಸ್ಪ್ರೇ ಒಯ್ಯಬೇಡಿ. ರಜೆಗೆ ಉಡುಪಿಗೆ ಬಂದಿದ್ದೇನೆ, ನರ್ಸ್ ಕೆಲಸಕ್ಕೆ ಹೊರಟ ಹುಡುಗಿಯರ ಬ್ಯಾಗಿಗೆ ಅಮ್ಮಂದಿರು ಅದನ್ನು ಪ್ರೀತಿಯಿಂದ ಹಾಕುವುದನ್ನು ನೋಡುತ್ತಿದ್ದೇನೆ, ಅದಕ್ಕೇ ಮೊದಲು ಇದನ್ನು ಹೇಳಿದ್ದು. ಊರಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು. ಅಲ್ಲಿ 1968ರ ಬಂದೂಕು ಕಾಯ್ದೆ ಪ್ರಕಾರ ನಿಷೇಧಿತ ಆಯುಧ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬಸ್ಸಿಗೆ ಕಾಯುವ ಭಯ ನಿಜವಾದದ್ದೇ. ಅದಕ್ಕೆ ಜೋರಾಗಿ ಕಿರುಚುವ ಪುಟ್ಟ ಅಲಾರ್ಮ್ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ. ತುರ್ತಿಗೆ ಪೊಲೀಸರನ್ನು ಕರೆಯುವ ನಂಬರ್ 999 ನೆನಪಿರಲಿ.

ಚೂರಿಯ ವಿಷಯವೂ ಹೀಗೇ. ಮಡಚುವ ಚಾಕು, ಅಲಗು 3 ಇಂಚಿನೊಳಗೆ, ತೆರೆದ ಮೇಲೆ ಲಾಕ್ ಆಗಬಾರದು. ಅಂಥದ್ದಾದರೆ ಸರಿ. ಉಳಿದ ಯಾವ ಚೂರಿಯಾದರೂ, ಅಡುಗೆಮನೆಯದ್ದೇ ಇರಲಿ, ರಸ್ತೆಗೆ ತಂದರೆ ಸರಿಯಾದ ಕಾರಣ ಬೇಕು, ಇಲ್ಲದಿದ್ದರೆ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಡಿ 4 ವರ್ಷದವರೆಗೆ ಜೈಲು ಆಗಬಹುದು. "ನನ್ನ ರಕ್ಷಣೆಗೆ ಇಟ್ಟುಕೊಂಡಿದ್ದೆ" ಅನ್ನುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. "ಬ್ಯಾಗಿನಲ್ಲಿ ಇದ್ದದ್ದು ಮರೆತೇ ಹೋಯ್ತು" ಅಂದರೂ ಸಾಲದು. ಹೋಟೆಲ್ ಅಡುಗೆಯವರು ಕೆಲಸಕ್ಕೆ ಚೂರಿ ಒಯ್ಯಬಹುದು. ಆದರೆ ಕೆಲಸ ಬಿಟ್ಟು ಅದೇ ಬ್ಯಾಗಿನೊಂದಿಗೆ ಪಬ್ಬಿನಲ್ಲಿ ಕೂರಬೇಡಿ. ಗೆಳೆಯರ ಮನೆಗೆ ಹಲಸು ಕೊಯ್ಯಲು ಕತ್ತಿ ಬೇಕಾದರೆ ಚೆನ್ನಾಗಿ ಸುತ್ತಿ ಡಿಕ್ಕಿಯಲ್ಲಿಡಿ, ಅದೇ ದಿನ ವಾಪಸ್ ತನ್ನಿ, ವಾರಗಟ್ಟಲೆ ಕಾರಿನಲ್ಲೇ ಬಿಡಬೇಡಿ. ಅಮ್ಮನ ಮೆಟ್ಟುಕತ್ತಿ ಮನೆಯೊಳಗೆ ಎಷ್ಟು ಬೇಕಾದರೂ ಇರಲಿ, ತೊಂದರೆ ಇಲ್ಲ.

ಹಿಂಸೆ ತಗ್ಗಿಸಲೆಂದೇ ತಂದ 2006ರ ವಯಲೆಂಟ್ ಕ್ರೈಮ್ ರಿಡಕ್ಷನ್ ಕಾಯ್ದೆ ಚೂರಿ ಕೊಳ್ಳುವ ವಯಸ್ಸನ್ನು 16ರಿಂದ 18ಕ್ಕೆ ಏರಿಸಿತು. ನಿಜದಂತೆ ಕಾಣುವ ನಕಲಿ ಬಂದೂಕಿನ ಮಾರಾಟ, ಆಮದು ಎರಡಕ್ಕೂ ಕಡಿವಾಣ ಹಾಕಿತು. ಹಾಗಾಗಿ ಅಲ್ಲಿನ ದಸರಾದಲ್ಲಿ ಹುಲಿವೇಷ ಹಾಕುವ ನಮ್ಮವರು ಬೇಟೆಗಾರನ ಕೋವಿಯನ್ನು ಊರಿಂದ ಒಯ್ಯುವುದು ಬೇಡ. ನಕಲಿಯಾದರೂ ಕಾರಣವಿಲ್ಲದೆ ಬೀದಿಯಲ್ಲಿ ಹಿಡಿದು ಓಡಾಡುವುದು ಅಪರಾಧ. ಇನ್ನೊಬ್ಬರ ಕೈಯಲ್ಲಿ ಆಯುಧ ಬಚ್ಚಿಡಿಸುವುದನ್ನೂ ಈ ಕಾಯ್ದೆ ಅಪರಾಧ ಮಾಡಿತು. ಓದಲು ಹೋಗುವ ಹುಡುಗರೇ, "ಈ ಬ್ಯಾಗ್ ಎರಡು ದಿನ ನಿನ್ನ ರೂಮಲ್ಲಿರಲಿ" ಅಂತ ಯಾರೇ ಹೇಳಿದರೂ ಖಡಾಖಂಡಿತ ಬೇಡ ಅನ್ನಿ, ದಾಕ್ಷಿಣ್ಯಕ್ಕೆ ಒಪ್ಪಬೇಡಿ.

ಕುಡಿಯುವವರಿಗೆ ನಾಲ್ಕು ಮಾತು. 18 ತುಂಬದವರಿಗೆ ಮದ್ಯ ತಂದುಕೊಡುವುದು ಅಪರಾಧ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದರೆ ಹಿಡಿಯುತ್ತಾರೆ. ಕೆಲವು ಕಡೆ ಬೀದಿಯಲ್ಲಿ ಕುಡಿಯುವುದನ್ನು ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ನಿರ್ಬಂಧಿಸಿರುತ್ತದೆ, ಪೊಲೀಸರು ಕೇಳಿದರೆ ಬಾಟಲಿ ಕೊಟ್ಟುಬಿಡಿ, ವಾದ ಬೇಡ. ಲಂಡನ್ನಿನ ಬಸ್ಸು, ಟ್ಯೂಬ್ ಅನ್ನುವ ಮೆಟ್ರೋ ರೈಲಿನಲ್ಲಿ 2008ರಿಂದ ಕುಡಿಯುವ ಹಾಗಿಲ್ಲ.

ಇಷ್ಟು ಒತ್ತಿ ಹೇಳುವುದು ಯಾಕೆ ಅಂದರೆ ನಮ್ಮಂಥವರಿಗೆ ಶಿಕ್ಷೆಯ ಜೊತೆ ವೀಸಾನೂ ಹೋಗಬಹುದು. 12 ತಿಂಗಳು ಅಥವಾ ಜಾಸ್ತಿ ಜೈಲಾದರೆ ಗಡೀಪಾರಿಗೇ ಬರುತ್ತದೆ. ಪೊಲೀಸರು 'ಕಾಷನ್' (ತಪ್ಪೊಪ್ಪಿಕೊಂಡವರಿಗೆ ಕೋರ್ಟಿಗೆ ಕಳಿಸದೆ ಕೊಡುವ ಅಧಿಕೃತ ಎಚ್ಚರಿಕೆ) ಕೊಟ್ಟು ಬಿಟ್ಟರೂ ಅದು ದಾಖಲೆಯಲ್ಲಿ ಉಳಿಯುತ್ತದೆ, ನರ್ಸ್‌ಗಳು ಅದನ್ನು ತಮ್ಮ ನೋಂದಣಿ ಕೌನ್ಸಿಲ್‌ಗೆ ತಿಳಿಸಲೇಬೇಕು. ಬೇಗ ಮನೆಗೆ ಹೋದರೆ ಸಾಕು ಅಂತ ಸುಮ್ನೆ ಸಹಿ ಹಾಕಬೇಡಿ. ಠಾಣೆಯಲ್ಲಿ ವಕೀಲರ ಸಲಹೆ ಉಚಿತ. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಅನುವಾದಕರನ್ನೂ ಕೊಡುತ್ತಾರೆ. ಎರಡನ್ನೂ ಬಾಯಿಬಿಟ್ಟು ಕೇಳಿ.