ನೀರು ಹೋದರೆ ನೋವಿಗೆ ಕಾಯಬೇಡಿ: ಹೆರಿಗೆಗೆ ಆಸ್ಪತ್ರೆಗೆ ಹೊರಡುವುದು ಯಾವಾಗ?

ದಿನ ತುಂಬಿದ ಗರ್ಭಿಣಿ ಇರುವ ಮನೆಯಲ್ಲಿ ಎಲ್ಲರೂ ಕಾಯುವುದು ನೋವಿಗೆ. ನೋವಿಗಿಂತ ಮೊದಲೇ ನೀರು ಹೋದರೆ ಏನು ಮಾಡಬೇಕೆಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ‘ಇನ್ನೂ ನೋವೇ ಬಂದಿಲ್ಲವಲ್ಲ, ಬೆಳಿಗ್ಗೆ ಹೋದರಾಯಿತು’ ಎಂದು ಮಲಗುವವರಿದ್ದಾರೆ. ಹೊಟ್ಟೆ ಒಂದು ಸಲ ಬಿಗಿದದ್ದಕ್ಕೇ ನಡುರಾತ್ರಿ ಆಟೊ ಹಿಡಿದು ಹೋಗಿ, ‘ಇನ್ನೂ ಬಾಯಿ ತೆರೆದಿಲ್ಲ’ ಅನ್ನಿಸಿಕೊಂಡು ವಾಪಸ್ ಬರುವವರೂ ಇದ್ದಾರೆ. ಈ ಎರಡಕ್ಕೂ ಲೆಕ್ಕ ಬೇರೆ ಬೇರೆ. ನೋವಿಗಾದರೆ ಗಡಿಯಾರ ನೋಡಿಕೊಂಡು ಮನೆಯಲ್ಲಿ ಕಾಯಲು ಅವಕಾಶವಿದೆ. ನೀರಿಗೆ ಇಲ್ಲ.

ಸಿನಿಮಾದಲ್ಲಿ ನೀರು ಒಡೆದ ತಕ್ಷಣ ಹೆಂಗಸು ಕಿರುಚುತ್ತಾಳೆ, ಐದು ನಿಮಿಷದಲ್ಲಿ ಮಗು ಅಳುತ್ತದೆ. ನಿಜದಲ್ಲಿ ದಿನ ತುಂಬಿದ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಮಾತ್ರ ನೋವಿಗೆ ಮುಂಚೆ ನೀರು ಹೋಗುತ್ತದೆ. ಉಳಿದವರಿಗೆ ನೋವು ಜೋರಾದ ಮೇಲೆ, ಹೆಚ್ಚಿನ ಸಲ ಆಸ್ಪತ್ರೆಯ ಮಂಚದ ಮೇಲೇ, ನೀರಿನ ಚೀಲ ಒಡೆಯುತ್ತದೆ.

ಹೋದದ್ದು ನೀರೋ, ಮೂತ್ರವೋ?

ದಿನ ತುಂಬುವ ಹೊತ್ತಿಗೆ ಮಗುವಿನ ಸುತ್ತ ಸುಮಾರು 600ರಿಂದ 800 ಮಿ.ಲೀ. ನೀರಿರುತ್ತದೆ. ಚೀಲ ಕೆಳಗಡೆ ಒಡೆದರೆ ‘ಟಪ್’ ಎಂದಂತಾಗಿ ಲಂಗ ಪೂರ್ತಿ ಒದ್ದೆಯಾಗಬಹುದು. ಮೇಲ್ಭಾಗದಲ್ಲಿ ಸಣ್ಣ ತೂತಾದರೆ ಅಥವಾ ಮಗುವಿನ ತಲೆ ಕೆಳಗಿಳಿದು ಬಿರಡೆಯಂತೆ ಕೂತಿದ್ದರೆ ಚೂರು ಚೂರೇ ಜಿನುಗುತ್ತದೆ. ಮೋಸ ಹೋಗುವುದು ಇಲ್ಲೇ. ಕೊನೆಯ ತಿಂಗಳಲ್ಲಿ ಕೆಮ್ಮಿದರೆ, ಸೀನಿದರೆ ಮೂತ್ರ ಹನಿಯುವುದು ಸಾಮಾನ್ಯ. ಬಿಳಿ ಹೋಗುವುದೂ ಜಾಸ್ತಿ. ಅದೇ ಇರಬೇಕು ಎಂದುಕೊಂಡು ಎರಡು ದಿನ ಕಳೆದುಬಿಡುತ್ತಾರೆ. ಜಿನುಗಿದರೂ ಚೀಲ ಒಡೆದಂತೆಯೇ ಲೆಕ್ಕ. ಸ್ವಲ್ಪವೇ ಹೋಯಿತು ಎಂದು ನಿರಾಳವಾಗಬೇಡಿ.

ಅನುಮಾನವಿದ್ದರೆ ಹೀಗೆ ನೋಡಿ. ಮೊದಲು ಮೂತ್ರ ಮಾಡಿ ಬನ್ನಿ. ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆ ಅಥವಾ ಪ್ಯಾಡ್ ಇಟ್ಟುಕೊಂಡು ಎಡಮಗ್ಗುಲಾಗಿ ಅರ್ಧ ಗಂಟೆ ಮಲಗಿ. ನಂತರ ಎದ್ದು ನಿಂತು ಎರಡು ಸಲ ಕೆಮ್ಮಿ. ಮಲಗಿದ್ದಾಗ ಒಳಗೆ ಶೇಖರವಾದ ನೀರು ಎದ್ದಾಗ ಒಮ್ಮೆಗೇ ಇಳಿಯುತ್ತದೆ, ತಡೆಹಿಡಿಯಲು ಆಗುವುದಿಲ್ಲ. ಮೂತ್ರವನ್ನಾದರೆ ಬಿಗಿಹಿಡಿದು ಸ್ವಲ್ಪವಾದರೂ ನಿಲ್ಲಿಸಬಹುದು, ಅದರ ವಾಸನೆಯೂ ಗೊತ್ತಾಗುತ್ತದೆ. ಬಿಳಿ ಹೋಗುವುದು ದಪ್ಪಗೆ, ಅಂಟಂಟಾಗಿ ಬಟ್ಟೆಯ ಮೇಲೇ ನಿಲ್ಲುತ್ತದೆ; ನೀರು ಬಟ್ಟೆಯೊಳಗೆ ಹೀರಿಕೊಂಡು ಹರಡುತ್ತದೆ. ಇನ್ನೊಂದಿದೆ: ಗರ್ಭಕೊರಳಿನ ಬಾಯಿಗೆ ಮುಚ್ಚಳದಂತಿದ್ದ ಲೋಳೆ, ಸ್ವಲ್ಪ ರಕ್ತದ ಎಳೆಗಳೊಂದಿಗೆ ಬೀಳುವುದು. ಅದು ಹೆರಿಗೆ ಹತ್ತಿರ ಬಂತು ಎಂಬ ಸೂಚನೆ ಅಷ್ಟೆ. ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ಅದೊಂದಕ್ಕೇ ಓಡಬೇಕಿಲ್ಲ.

ಈ ಪರೀಕ್ಷೆ ಮಾಡಿಯೂ ಖಾತ್ರಿಯಾಗದಿದ್ದರೆ ನೀರು ಹೋಗಿದೆ ಎಂದೇ ತಿಳಿದು ಹೊರಡಿ. ಬಂದದ್ದು ಹಸಿರು ಅಥವಾ ರಕ್ತ ಎಂದು ಕಂಡರೆ, ದಿನ ತುಂಬಿಲ್ಲದಿದ್ದರೆ ಈ ಅರ್ಧ ಗಂಟೆಯೂ ಬೇಡ.

ಮೊದಲು ಗಡಿಯಾರ, ಆಮೇಲೆ ಬಣ್ಣ

ನೀರು ಹೋದ ಹೊತ್ತನ್ನು ತಾಯಿ ಕಾರ್ಡಿನ ಹಿಂದೆಯೇ ಬರೆದಿಡಿ. ‘ರಾತ್ರಿ ಯಾವಾಗಲೋ’ ಎಂಬ ಉತ್ತರದಿಂದ ವೈದ್ಯರಿಗೆ ಉಪಯೋಗವಿಲ್ಲ. ಚೀಲ ಒಡೆದ ಮೇಲೆ ಯೋನಿಯಲ್ಲಿರುವ ರೋಗಾಣುಗಳು ಮೇಲೇರಲು ತಡೆಯಿಲ್ಲ. ಹೊತ್ತು ಕಳೆದಷ್ಟೂ ತಾಯಿಗೂ ಮಗುವಿಗೂ ಸೋಂಕಿನ ಅಪಾಯ ಏರುತ್ತದೆ. 18 ಗಂಟೆ ದಾಟಿಯೂ ಹೆರಿಗೆಯಾಗದಿದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಆ 18 ಗಂಟೆಯನ್ನು ಎಣಿಸುವುದು ನೀವು ಬರೆದ ಹೊತ್ತಿನಿಂದ.

ಬಣ್ಣವನ್ನು ಬಿಳಿ ಬಟ್ಟೆಯ ಮೇಲೆ, ಬಿಳಿ ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನ ಕೆಳಗೆ ತಿಳಿ ಹಸಿರು ಹಳದಿಯಾಗಿಯೇ ಕಾಣುತ್ತದೆ, ಕಡುಬಣ್ಣದ ಲಂಗದ ಮೇಲಂತೂ ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಸಾಕು. ಒಂದು ಫೋಟೊ ತೆಗೆದಿಟ್ಟು, ಆ ಪ್ಯಾಡನ್ನು ಎಸೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ನರ್ಸ್‌ಗೆ ನಿಮ್ಮ ವಿವರಣೆಗಿಂತ ಅದೇ ಹೆಚ್ಚು ಹೇಳುತ್ತದೆ.

ನೀರಿನಂತೆ ತಿಳಿಯಾಗಿ ಅಥವಾ ತೀರಾ ತಿಳಿ ಹಳದಿಯಾಗಿದ್ದರೆ, ಸ್ವಲ್ಪ ಗುಲಾಬಿ ಛಾಯೆ ಇದ್ದರೆ, ವಾಸನೆ ಇಲ್ಲದಿದ್ದರೆ ಗಾಬರಿ ಬೇಡ. ಮಗು ಎಂದಿನಂತೆ ಆಡುತ್ತಿದ್ದು, ದಿನವೂ ತುಂಬಿದ್ದರೆ ಮೈಗೆ ಹೊರಗಿನಿಂದ ನೀರು ಸುರಿದುಕೊಂಡು, ಬಟ್ಟೆ ಬದಲಿಸಿ, ಒಂದು ಲೋಟ ಗಂಜಿ ಕುಡಿದು ಗಂಟೆಯೊಳಗೆ ಹೊರಟರಾಯಿತು. ಹಸಿರು, ಕಂದು ಅಥವಾ ಬಟಾಣಿ ಸಾರಿನಂತೆ ಗಟ್ಟಿಯಾಗಿದ್ದರೆ ಮಗು ಹೊಟ್ಟೆಯೊಳಗೇ ಮಲ ಮಾಡಿದೆ. ದಿನ ಮೀರಿದವರಲ್ಲಿ ಇದು ಹೆಚ್ಚು. ಮಗು ಕಷ್ಟದಲ್ಲಿರಬಹುದು, ಅದನ್ನು ಉಸಿರಿನೊಂದಿಗೆ ಒಳಗೆಳೆದುಕೊಂಡರೆ ಶ್ವಾಸಕೋಶಕ್ಕೆ ತೊಂದರೆ. ಆ ಕ್ಷಣವೇ ಹೊರಡಿ. ಮುಟ್ಟಿನಂತೆ ಕೆಂಪು ರಕ್ತ ಹರಿದರೆ, ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಗದಿದ್ದರೆ, ಕೆಟ್ಟ ವಾಸನೆ ಬಂದರೆ, 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಜ್ವರ ಇದ್ದರೆ, ಮಗುವಿನ ಆಟ ಕಡಿಮೆಯಾದರೆ ಕೂಡ ಹೀಗೆಯೇ.

ಅಂತರ್ಜಾಲದಲ್ಲಿ ಸಿಗುವ ಬ್ರಿಟನ್ನಿನ ಸಲಹೆಗಳಲ್ಲಿ ನೀರು ಹೋದ ಮೇಲೆ 24 ಗಂಟೆ ಮನೆಯಲ್ಲಿ ಕಾಯಬಹುದು ಎಂದಿರುವುದನ್ನು ಕೆಲವರು ತೋರಿಸುತ್ತಾರೆ. ಅಲ್ಲಿ ದಿನ ತುಂಬಿದ ಹತ್ತರಲ್ಲಿ ಆರು ಮಂದಿಗೆ 24 ಗಂಟೆಯೊಳಗೆ ನೋವು ತಾನಾಗಿ ಶುರುವಾಗುತ್ತದೆ ಎಂಬ ಲೆಕ್ಕದ ಮೇಲೆ ಆ ಮಾತು ನಿಂತಿದೆ. ಆದರೆ ಅದಕ್ಕೂ ಮೊದಲು ಅವರು ಆಸ್ಪತ್ರೆಗೆ ಫೋನ್ ಮಾಡಿ, ತಪಾಸಣೆಯಾಗಿ, ತೊಂದರೆಯಿಲ್ಲ ಎಂದು ಹೇಳಿಸಿಕೊಂಡಿರುತ್ತಾರೆ. ತಪಾಸಣೆಯನ್ನು ಬಿಟ್ಟು ಕಾಯುವುದನ್ನು ಮಾತ್ರ ಎರವಲು ತರಬೇಡಿ. ರಾಹುಕಾಲ ಕಳೆಯಲಿ ಎಂದು ಕೂರುವುದೂ ಬೇಡ.

ಹೊಕ್ಕುಳಬಳ್ಳಿ ಹೊರಬಂದರೆ

ಇದು ಅಪರೂಪ. ಸಾವಿರ ಹೆರಿಗೆಯಲ್ಲಿ ಒಂದರಿಂದ ಆರರಲ್ಲಿ ಆಗಬಹುದು. ಆದರೆ ನಿಮಿಷಗಳ ಲೆಕ್ಕ. ಮಗು ಅಡ್ಡಲಾಗಿದ್ದರೆ, ಕಾಲು ಅಥವಾ ಕುಂಡಿ ಕೆಳಗಿದ್ದರೆ, ಅವಳಿ ಇದ್ದರೆ, ನೀರು ಜಾಸ್ತಿ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಿದ್ದರೆ, ತಲೆ ಇನ್ನೂ ಇಳಿದಿಲ್ಲದಿದ್ದರೆ ನೀರಿನ ರಭಸಕ್ಕೆ ಬಳ್ಳಿ ಜಾರಿ ಬರಬಹುದು. ಒಳಗೆ ಏನೋ ಮೆತ್ತಗೆ, ಹಗ್ಗದಂತೆ ಸಿಕ್ಕಿಕೊಂಡ ಹಾಗನಿಸುತ್ತದೆ, ಅಥವಾ ಕಣ್ಣಿಗೇ ಕಾಣುತ್ತದೆ. ಮಗುವಿನ ತಲೆ ಬಳ್ಳಿಯನ್ನು ಒತ್ತಿದರೆ ಮಗುವಿಗೆ ರಕ್ತ ಹೋಗುವುದು ನಿಲ್ಲುತ್ತದೆ.

ಆಗ ಗರ್ಭಿಣಿ ಮಂಡಿಯೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟವನ್ನು ಮೇಲೆತ್ತಬೇಕು. ತಲೆ ಕೆಳಗೆ, ಸೊಂಟ ಮೇಲೆ ಇದ್ದರೆ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದಿಲ್ಲ. ಬಳ್ಳಿಯನ್ನು ಒಳಗೆ ತಳ್ಳಬೇಡಿ, ಪದೇ ಪದೇ ಮುಟ್ಟಬೇಡಿ. ಕೈ ತಾಗಿದರೆ, ತಣ್ಣಗಾದರೆ ರಕ್ತನಾಳ ಬಿಗಿಯುತ್ತದೆ. 108ಕ್ಕೆ ಫೋನ್ ಮಾಡುವಾಗ ‘ಬಳ್ಳಿ ಹೊರಬಂದಿದೆ’ ಎಂಬುದನ್ನೇ ಮೊದಲು ಹೇಳಿ. ವಾಹನದಲ್ಲಿ ಹಾಗೆ ಮಂಡಿಯೂರಿ ಕೂರುವುದು ಅಪಾಯ. ಎಡಮಗ್ಗುಲಾಗಿ ಮಲಗಿಸಿ ಸೊಂಟದ ಕೆಳಗೆ ಎರಡು ದಿಂಬು ಕೊಡಿ. ಸಿಸೇರಿಯನ್ ಮಾಡುವ ಆಸ್ಪತ್ರೆಗೇ ಹೋಗಬೇಕು.

ದಿನ ತುಂಬಿದೆಯೇ ಎಂದು ನೋಡುವುದು

‘ಒಂಬತ್ತು ತಿಂಗಳು’ ಎಂಬ ಬಾಯಿಲೆಕ್ಕ ಬೇಡ. ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನಾಂಕ ಇರುತ್ತದೆ. ಅದಕ್ಕಿಂತ ಮೂರು ವಾರಕ್ಕೂ ಮೊದಲೇ ನೀರು ಹೋದರೆ 37 ವಾರ ತುಂಬಿಲ್ಲ, ಅವಧಿಪೂರ್ವ ಎಂದರ್ಥ. ಆರು ವಾರಕ್ಕೂ ಮೊದಲಾದರೆ 34 ವಾರವೂ ಆಗಿಲ್ಲ. ಆಗ ಹತ್ತಿರದ ಸಣ್ಣ ನರ್ಸಿಂಗ್ ಹೋಮ್‌ಗಿಂತ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವ ಜಿಲ್ಲಾ ಆಸ್ಪತ್ರೆಯೋ ದೊಡ್ಡ ಆಸ್ಪತ್ರೆಯೋ ಮೇಲು. ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಡುತ್ತಾರೆ: 6 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ನಾಲ್ಕು ಸಲ. ಪೂರ್ತಿ ಆಗಲು ಒಂದೂವರೆ ದಿನ ಬೇಕು, ಆದ್ದರಿಂದ ಇಲ್ಲಿ ತಡ ಮಾಡಿದ ಒಂದೊಂದು ಗಂಟೆಯೂ ಮಗುವಿನ ಖಾತೆಯಿಂದ ಹೋಗುತ್ತದೆ. ದೊಡ್ಡ ಆಸ್ಪತ್ರೆ ದೂರವಿದ್ದರೆ, ಮೊದಲ ಡೋಸ್ ಇಲ್ಲೇ ಕೊಟ್ಟು ಕಳಿಸುತ್ತೀರಾ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ನೋವು ಮಾತ್ರ ಬಂದು ನೀರು ಹೋಗದಿದ್ದರೆ

ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನ ನೋವು ಶುರುವಾಗುವ ಹೊತ್ತಿನವರೆಗೆ ಎಣಿಸಿ. ನೋವು ಎಷ್ಟು ಸೆಕೆಂಡ್ ಇತ್ತೆಂಬುದನ್ನೂ ಬರೆಯಿರಿ. ಚೊಚ್ಚಲು ಹೆರಿಗೆಯಾದರೆ ಐದು ನಿಮಿಷಕ್ಕೊಂದರಂತೆ, ಒಂದೊಂದೂ ಸುಮಾರು ಒಂದು ನಿಮಿಷ ಇರುವ ನೋವು ಒಂದು ಗಂಟೆ ಕಾಲ ಬಿಡದೆ ಬಂದಾಗ ಹೊರಡಬಹುದು. ಎರಡನೆಯದು, ಮೂರನೆಯದಾದರೆ ಅಷ್ಟು ಹೊತ್ತು ಕಾಯಬೇಡಿ, ಹತ್ತು ನಿಮಿಷಕ್ಕೊಂದು ಕ್ರಮವಾಗಿ ಬರತೊಡಗಿದರೆ ಸಾಕು. ಸುಳ್ಳು ನೋವು ಓಡಾಡಿದರೆ, ನೀರು ಕುಡಿದು ಮಗ್ಗುಲು ಬದಲಿಸಿದರೆ ಕಡಿಮೆಯಾಗುತ್ತದೆ. ನಿಜದ್ದು ಏರುತ್ತಲೇ ಹೋಗುತ್ತದೆ.

ಮೊದಲು ಸಿಸೇರಿಯನ್ ಆದವರು, ಬಿ.ಪಿ. ಹೆಚ್ಚಿರುವವರು, ಅವಳಿ ಇರುವವರು, ಮಾಸು ಕೆಳಗಿದೆ ಎಂದು ಹೇಳಿಸಿಕೊಂಡವರು ಈ ಎಣಿಕೆಗೆ ಕೂರಬಾರದು. ಆಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದರೂ ಹಾಗೆಯೇ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ರಸ್ತೆ ಕಡಿಯುವ ಊರಾದರೆ, ಅಂದಾಜು ದಿನಕ್ಕೆ ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಹೋಗಿರುವುದು ಎಷ್ಟೋ ಲೇಸು.

ಹೊರಡುವಾಗ

ಏನು ಮಾಡಬಾರದು ಎಂಬುದೇ ಇಲ್ಲಿ ದೊಡ್ಡದು. ಒಳಗೆ ಬಟ್ಟೆ, ಹತ್ತಿ ಇಟ್ಟುಕೊಳ್ಳಬೇಡಿ. ಪ್ಯಾಡ್ ಹೊರಗಡೆ ಮಾತ್ರ. ಬಾಯಿ ಎಷ್ಟು ತೆರೆದಿದೆ ಎಂದು ಮನೆಯಲ್ಲಿ ಯಾರೂ ಕೈಹಾಕಿ ನೋಡಬಾರದು. ಒಂದೊಂದು ಸಲವೂ ಬೆರಳು ರೋಗಾಣುವನ್ನು ಮೇಲಕ್ಕೆ ಒಯ್ಯುತ್ತದೆ. ನೋವು ಬರಲಿ ಎಂದು ಹರಳೆಣ್ಣೆ ಕುಡಿಸಬೇಡಿ. ಮನೆಗೆ ಬಂದು ‘ನೋವಿನ ಇಂಜೆಕ್ಷನ್’ ಕೊಡುತ್ತೇನೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ. ನೋವು ಬರಿಸುವ ಆಕ್ಸಿಟೋಸಿನ್ ಔಷಧಿಯನ್ನು ಲೆಕ್ಕವಿಲ್ಲದೆ ಕೊಟ್ಟರೆ ಅದು ಗರ್ಭಕೋಶವನ್ನೇ ಸೀಳಬಲ್ಲದು.

ನೀರು ಹೋದ ಮೇಲೆ ಬೈಕ್ ಬೇಡ. ಕಾರು, ಆಂಬುಲೆನ್ಸ್‌ನಲ್ಲಿ ಎಡಮಗ್ಗುಲಾಗಿ ಮಲಗಿ. ಕೆಳಗೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಟವೆಲ್. 108ಕ್ಕೆ ಹೇಳಬೇಕಾದ್ದು ಇಷ್ಟೇ: ‘38 ವಾರ, ಎರಡನೇ ಹೆರಿಗೆ, ಮೊದಲನೆಯದು ನಾರ್ಮಲ್, ರಾತ್ರಿ 2:20ಕ್ಕೆ ನೀರು ಹೋಗಿದೆ, ಬಣ್ಣ ತಿಳಿ, ನೋವಿಲ್ಲ’, ಮತ್ತೆ ಊರು, ಮನೆಯ ಗುರುತು. ಆಶಾ ಕಾರ್ಯಕರ್ತೆಗೂ ಒಂದು ಫೋನ್ ಹೋಗಲಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ‘ನಗು ಮಗು’ ವಾಹನ ಬಾಣಂತಿಯನ್ನು ಮನೆಗೆ ಬಿಡುವುದಕ್ಕೆ. ಹೋಗುವಾಗ ಅದಕ್ಕೆ ಕಾಯಬೇಡಿ.

ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೊದಲೇ ಇರಲಿ. ಚೊಚ್ಚಲು ಹೆರಿಗೆಗೆ ತವರಿಗೆ ಬಂದವರ ಕಾಗದಗಳು ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತವೆ. ಸೀಮಂತ ಮುಗಿಸಿ ಹೊರಡುವ ದಿನವೇ ಅವನ್ನು ತಂದು, ತವರಿನ ಕಡೆಯ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿಕೊಂಡಿದ್ದರೆ ರಾತ್ರಿ ಹೊತ್ತು ಪರದಾಟ ಇರುವುದಿಲ್ಲ. ಸಿಸೇರಿಯನ್ ಎಂದು ಮೊದಲೇ ನಿಗದಿಯಾಗಿದ್ದರೆ ಏನೂ ತಿನ್ನದೆ, ಗಂಜಿಯನ್ನೂ ಕುಡಿಯದೆ ಹೋಗಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ಮಗುವಿನ ಎದೆಬಡಿತ ನೋಡುತ್ತಾರೆ (ನಿಮಿಷಕ್ಕೆ 110ರಿಂದ 160 ಇರಬೇಕು), ಜ್ವರ, ನಾಡಿ ನೋಡುತ್ತಾರೆ, ಶುದ್ಧಗೊಳಿಸಿದ ಸಲಕರಣೆ ಇಟ್ಟು ನೀರು ಬರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ನೋವು ಇಲ್ಲದಿದ್ದಾಗ ಬೆರಳಿಟ್ಟು ಪದೇ ಪದೇ ನೋಡದಿರುವುದು ನಿರ್ಲಕ್ಷ್ಯವಲ್ಲ, ಸೋಂಕು ತಡೆಯುವ ಕ್ರಮ. ದಿನ ತುಂಬಿದ್ದರೆ ಸ್ವಲ್ಪ ಕಾದು ಅಥವಾ ತಕ್ಷಣವೇ ಮಾತ್ರೆ, ಡ್ರಿಪ್ ಮೂಲಕ ನೋವು ಬರಿಸುತ್ತಾರೆ. ‘ನೀರೆಲ್ಲ ಹೋಗಿ ಒಳಗೆ ಒಣಗಿತು, ಇನ್ನು ನಾರ್ಮಲ್ ಆಗಲ್ಲ’ ಎಂಬ ಮಾತು ಸುಳ್ಳು. ಮಗುವಿನ ಮೂತ್ರದಿಂದ ನೀರು ಮತ್ತೆ ಮತ್ತೆ ತುಂಬುತ್ತಲೇ ಇರುತ್ತದೆ. ಬರೀ ನೀರು ಹೋಯಿತು ಎಂಬ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಪರೀಕ್ಷೆ ಮಾಡಿ, ನೀರಲ್ಲ ಎಂದು ಮನೆಗೆ ಕಳಿಸಿದರೆ ಬೇಸರಪಡಬೇಡಿ. ಚೀಟಿಯಲ್ಲಿ ಹಾಗೆಂದು ಬರೆಸಿಕೊಂಡು ಬನ್ನಿ. ಸಣ್ಣ ತೂತಿನ ಸೋರಿಕೆ ಮೊದಲ ಪರೀಕ್ಷೆಯಲ್ಲಿ ತಪ್ಪಿಹೋಗುವುದುಂಟು. ಮನೆಗೆ ಬಂದ ಮೇಲೆ ಪ್ಯಾಡ್ ಮತ್ತೆ ಒದ್ದೆಯಾದರೆ ಅದೇ ಚೀಟಿ ಹಿಡಿದು ಅದೇ ದಿನ ಮತ್ತೆ ಹೋಗಿ.